ಸುಮ್ನೆ ಮನೇಲಿದೀನಿ

9 ನವೆಂಬರ್ 2024, ಶನಿವಾರ
ಶಿರಾ ತಾಲ್ಲೂಕು

"ಏನ್ ಕೆಲಸ ಮಾಡ್ತೀರಾ ಅಕ್ಕಾ?" ಅಂತ ಕೇಳಿದೆ. "ಏನಿಲ್ಲ ಕಣಮ್ಮ, ಸುಮ್ನೆ ಮನೇಲಿದೀನಿ" ಅಂದರು. ಹಾಗೆ ಹೇಳುವಾಗ ಅವರು ಸೆಗಣಿ ಬಾಚುತ್ತಿದ್ದರು. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ಬೆಳಗ್ಗೆ ಐದಕ್ಕೇ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬಂದಿದ್ದಾರೆ, ಸಂಜೆ ಮತ್ತೊಂದು ಸಲ ಹಾಕಬೇಕು, ನಡುವೆ ಹುಲ್ಲು ತರಬೇಕು, ಈಗ ರಾಗಿ ಕೊಯ್ಲು ಬೇರೆ. ನನ್ನ ಪೆನ್ನು ಮಾತ್ರ ಸಮೀಕ್ಷೆ ಫಾರಂನ 'ಮನೆಗೆಲಸ ಮಾತ್ರ' ಅನ್ನೋ ಕಾಲಂ ಹತ್ತಿರ ನಿಂತಿತ್ತು.

ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿ ಮೂರು ವರ್ಷ ದಾಟಿತು. ನನ್ನ ವಿಷಯ ಹಳ್ಳಿ ಹೆಂಗಸರ ದುಡಿಮೆ. ಇಷ್ಟು ದಿನ ಕಂಪ್ಯೂಟರ್ ಮುಂದೆ ಕೂತು ಪಿಎಲ್‌ಎಫ್‌ಎಸ್ ಡೇಟಾ ನೋಡಿದ್ದೇ ಜಾಸ್ತಿ. ಅದು ಕೇಂದ್ರ ಸರ್ಕಾರ ನಡೆಸುವ ಕಾರ್ಮಿಕ ಸಮೀಕ್ಷೆ. ಅದರಲ್ಲಿ 92 ಅಂತ ಒಂದು ಕೋಡ್ ಇದೆ, ಮನೆಗೆಲಸ ಮಾತ್ರ ಮಾಡುವವರಿಗೆ. ಮಾರಲಿಕ್ಕೆ ಹಾಲು ಕರೆಯುವವರು ಅದರಲ್ಲಿ ಬರುವುದೇ ಇಲ್ಲ. ಸ್ವಂತಕ್ಕೆ ನಡೆಸುತ್ತಿದ್ದರೆ 11, ಸಂಬಳ ಇಲ್ಲದೆ ಮನೆಯವರ ಕಸುಬಿಗೆ ಕೈ ಹಾಕುತ್ತಿದ್ದರೆ 21. ನಿಯಮ ಸರಿಯಾಗಿಯೇ ಇದೆ. ಆದರೆ ಆ ಅಕ್ಕ 92ಕ್ಕೆ ಹೋಗ್ತಾರಾ 21ಕ್ಕಾ ಅನ್ನೋದು ಅಂಗಳದಲ್ಲಿ ನಿಂತು ನಾನು ಹೇಗೆ ಕೇಳ್ತೀನಿ ಅನ್ನೋದರ ಮೇಲಿದೆ, ಅಲ್ವಾ?

ಇದು ಸಣ್ಣ ವಿಷಯ ಅಲ್ಲ. ದೇಶದ ಹಳ್ಳಿಗಳಲ್ಲಿ 15 ವರ್ಷ ದಾಟಿದ ಹೆಂಗಸರ ಪೈಕಿ ದುಡಿಮೆಯಲ್ಲಿರುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ ನೂರಕ್ಕೆ 24.6 ಇದ್ದರು. 2023-24ರ ಹೊತ್ತಿಗೆ ಅದು 47.6. ಏರಿಕೆಯಲ್ಲಿ ದೊಡ್ಡ ಪಾಲು ಸ್ವಂತ ಹೊಲ, ಸ್ವಂತ ಹಸು, ಇಂಥದ್ದೇ. ನಿಜವಾಗಿ ಕೆಲಸ ಹೆಚ್ಚಿತೋ, ಕಷ್ಟಕ್ಕೆ ದುಡಿಯಲೇಬೇಕಾಯಿತೋ, ಮೊದಲಿಂದಲೂ ಇದ್ದ ದುಡಿಮೆ ಈಗ ಲೆಕ್ಕಕ್ಕೆ ಸಿಕ್ಕಿತೋ? ನನ್ನ ಎರಡನೇ ಅಧ್ಯಾಯ ಇದೇ ಪ್ರಶ್ನೆಯ ಮೇಲಿದೆ.

ಮಧ್ಯಾಹ್ನ ಗೈಡ್‌ಗೆ ಫೋನ್ ಮಾಡಿದೆ. "ಕೆಲಸ ಅನ್ನೋ ಪದಾನೇ ಬಿಡಮ್ಮ, ನಿನ್ನೆ ಏನೇನ್ ಮಾಡಿದ್ರಿ ಅಂತ ಕೇಳು" ಅಂದರು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಹಾಗೇ ಮಾಡಿದ್ದರು, ಬೆಳಗಿನ ಜಾವ ನಾಲ್ಕರಿಂದ ಮಾರನೇ ದಿನ ನಾಲ್ಕರವರೆಗೆ, ಅರ್ಧ ಅರ್ಧ ಗಂಟೆಗೆ ಒಂದು ಸಾಲು. ಸಂಜೆ ಆ ಅಕ್ಕ ಡೈರಿಯಿಂದ ವಾಪಸ್ ಬಂದ ಮೇಲೆ ಮತ್ತೆ ಅವರ ಮನೆಗೆ ಹೋದೆ. ಜಗಲಿ ಮೇಲೆ ಕೂತು ಶುರು ಮಾಡಿದೆವು. ಹಸು, ಹುಲ್ಲು, ಹಾಲು, ರಾಗಿ ಕೂಡಿದರೆ ಆರೂವರೆ ಗಂಟೆ. ಅಡುಗೆ, ಬಟ್ಟೆ, ನೀರು ಬೇರೆ.

"ಇದನ್ನೆಲ್ಲ ಕೆಲಸ ಅಂತ ಬರ್ಕೋತೀಯಾ?" ಅಂದರು. ಹೌದಕ್ಕಾ ಅಂದೆ. ಸ್ವಲ್ಪ ಹೊತ್ತು ಫಾರಂ ನೋಡುತ್ತಾ ಕೂತರು. ಡೈರಿ ದುಡ್ಡು ಯಾರ ಖಾತೆಗೆ ಬರುತ್ತೆ ಅಂತ ಕೇಳಿದೆ. ಗಂಡನ ಹೆಸರಲ್ಲೇ ಪಾಸ್‌ಬುಕ್ ಇರೋದಂತೆ.

ಹಳೇ ಪ್ರಶ್ನೆ ಇಟ್ಟುಕೊಂಡು ಈಗಾಗಲೇ ನಲವತ್ತು ಮನೆ ಮುಗಿಸಿದ್ದೀನಿ. ಅದರಲ್ಲಿ ಎಷ್ಟು ಜನ ಹೀಗೆ ತಪ್ಪಿಹೋಗಿದ್ದಾರೋ ಅನ್ನೋದು ಸಂಜೆಯಿಂದ ತಲೆಯಲ್ಲಿ ಕೊರೆಯುತ್ತಿದೆ. ಪಿಎಚ್‌ಡಿ ಮುಗಿಸಲಿಕ್ಕೆ ಯುಜಿಸಿ ನಿಯಮದಲ್ಲಿ ಆರು ವರ್ಷ ಇದೆ, ಹೆಂಗಸರಿಗೆ ಇನ್ನೆರಡು ವರ್ಷದವರೆಗೆ ಕೊಡುತ್ತಾರೆ, ಹಾಗಾಗಿ ಸಮಯದ ನೆಪ ಹೇಳಲ್ಲ. ನಾಳೆ ಬೆಳಗ್ಗೆ ಹೊಸ ಫಾರಂ ಜೆರಾಕ್ಸ್ ಮಾಡಿಸಿ, ಮೊದಲನೇ ಮನೆಯಿಂದ ಮತ್ತೆ ಹೋಗ್ತೀನಿ.