ತಲಕಾಡಿನ ಮರಳು

ಮರಳುಗಾಡಿನ ಫೋಟೋಗೆ ಜೈಸಲ್ಮೇರ್‌ಗೇ ಹೋಗಬೇಕು ಅನ್ನುವವರನ್ನು ನಾನು ಸುಮ್ನೆ ತಲಕಾಡಿಗೆ ಕರೆದುಕೊಂಡು ಹೋಗುತ್ತೇನೆ. ಮೈಸೂರಿನಿಂದ ಬನ್ನೂರು, ಸೋಸಲೆ ಕಡೆಯ ಒಳದಾರಿ ಹಿಡಿದರೆ ನಾಲೆ, ಗದ್ದೆ, ಕಬ್ಬು. ಇಷ್ಟು ಹಸಿರಿನ ನಡುವೆ ಮರಳು ಎಲ್ಲಿಂದ ಬಂತು ಅನ್ನಿಸುತ್ತದೆ, ಅಲ್ವಾ? ‘ತಲಕಾಡು ಮರಳಾಗಲಿ’ ಅಂದ ಅಲಮೇಲಮ್ಮನ ಶಾಪ ಅಂತ ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ. ಕಾವೇರಿ ಇಲ್ಲಿ ತಿರುಗುತ್ತಾಳೆ, ಒಣಗಿದ ಪಾತ್ರದ ಮರಳನ್ನು ಗಾಳಿ ಹೊತ್ತು ತಂದು ದಡಕ್ಕೆ ಸುರಿದಿದೆ ಅನ್ನುವುದು ಭೂವಿಜ್ಞಾನದ ಲೆಕ್ಕ. ನನಗಂತೂ ಎರಡೂ ಬೇಕು.

ಚೋಳರನ್ನು ಗೆದ್ದ ನೆನಪಿಗೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯೂ ಇಲ್ಲೇ ಇದೆ. ಚೋಳರನ್ನು ಸೋಲಿಸಿದವನ ಗುಡಿಗೂ ಮರಳು ನುಗ್ಗಿತು. ಅದನ್ನು ತಡೆಯಲು ಯಾವ ಸೈನ್ಯ ಸಾಕು?

ಫೋಟೋ ತೆಗೆಯುವವರು ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬಿದ್ದರೇನೇ ಗಾಳಿ ಎಳೆದ ಗೆರೆಗಳು ಎದ್ದು ಕಾಣುವುದು. ಮಧ್ಯಾಹ್ನ ಎಲ್ಲಾ ಚಪ್ಪಟೆ. ಹೊಳೆಯುವ ಮರಳು ತುಂಬಿದ ಚಿತ್ರವನ್ನು ಕ್ಯಾಮೆರಾ ಮಂಕಾಗಿಸುತ್ತದೆ, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಸ್ವಲ್ಪ ಏರಿಸಿಕೊಳ್ಳಿ. ಅಲ್ಲಿ ನಿಂತು ಲೆನ್ಸ್ ಮಾತ್ರ ಬದಲಿಸಬೇಡಿ, ಮರಳು ಕ್ಯಾಮೆರಾ ಒಳಗೆ ನುಗ್ಗುತ್ತದೆ! ಕೆಲವು ವರ್ಷಗಳಿಗೊಮ್ಮೆ ಇಲ್ಲಿನ ಐದು ಶಿವಾಲಯಗಳಲ್ಲಿ ನಡೆಯುವ ಪಂಚಲಿಂಗ ದರ್ಶನದ ಸಮಯದಲ್ಲಂತೂ ಹೋಗಲೇಬೇಡಿ. ಜನ ಜಾಸ್ತಿ, ಮರಳ ತುಂಬಾ ಬರೀ ಹೆಜ್ಜೆ ಗುರುತು.