ಉಳಿತಾಯ ಮೊದಲೋ, ಸಾಲ ತೀರಿಸುವುದು ಮೊದಲೋ?

ಉಳಿತಾಯ ಖಾತೆಯಲ್ಲಿ ಹಣವಿಟ್ಟುಕೊಂಡೇ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ತಿಂಗಳಿನಿಂದ ತಿಂಗಳಿಗೆ ಮುಂದೂಡುವವರು ಎರಡೂ ಬಡ್ಡಿದರಗಳನ್ನು ಅಕ್ಕಪಕ್ಕ ಇಟ್ಟು ನೋಡಿಲ್ಲವೆಂದೇ ನನಗೆ ಅನಿಸುತ್ತದೆ. 72ನ್ನು ವಾರ್ಷಿಕ ಬಡ್ಡಿದರದಿಂದ ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಮೊತ್ತವು ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸುಮಾರಾಗಿ ತಿಳಿಯುತ್ತವೆ: ಶೇ. 6ರ ಠೇವಣಿಗೆ 12 ವರ್ಷ ಬೇಕು, ತಿಂಗಳಿಗೆ ಶೇ. 3ರಂತೆ ಬೆಳೆಯುವ ಸಾಲಕ್ಕೆ ಎರಡೇ ವರ್ಷ ಸಾಕು. ಕನಿಷ್ಠ ಪಾವತಿಯನ್ನಷ್ಟೇ ಕಟ್ಟುತ್ತ ಹೋದರೆ (ಸಾಲ ಕೊಟ್ಟವರಿಗೆ ಬಲು ಪ್ರಿಯವಾದ ಅಭ್ಯಾಸವಿದು) ಅಸಲು ಕರಗುವುದೇ ಇಲ್ಲವೆನ್ನುವಷ್ಟು ನಿಧಾನವಾಗುತ್ತದೆ.

ಹಾಗೆಂದು ಕೈಯಲ್ಲಿರುವುದನ್ನೆಲ್ಲ ಸಾಲಕ್ಕೆ ಸುರಿಯುವುದೂ ಸರಿಯಲ್ಲ. ಒಂದೆರಡು ತಿಂಗಳ ಅಗತ್ಯ ಖರ್ಚಿನಷ್ಟನ್ನು ತೆಗೆದಿಡದಿದ್ದರೆ, ಅನಿರೀಕ್ಷಿತ ಕಾಯಿಲೆಯೊಂದು ಬಂದಾಗ ಮತ್ತೆ ಅದೇ ಕಾರ್ಡಿಗೆ ಕೈಹಾಕಬೇಕಾಗುತ್ತದೆ. ಹಲವು ಸಾಲಗಳಿರುವಾಗ ಚಿಕ್ಕದನ್ನು ಮೊದಲು ಮುಗಿಸಿದರೆ ಉತ್ಸಾಹ ಬರುತ್ತದೆ ಎನ್ನುವವರಿದ್ದಾರೆ. ನಾನು ಮಾತ್ರ ಬಡ್ಡಿ ಹೆಚ್ಚಿರುವುದನ್ನೇ ಮೊದಲು ತೀರಿಸುತ್ತೇನೆ, ಏಕೆಂದರೆ ಒಟ್ಟು ಬಡ್ಡಿ ಕಡಿಮೆಯಾಗುವುದು ಆ ಕ್ರಮದಲ್ಲೇ.