ಊರಿಗೊಂದು ಕುಲಕರ್ಣಿ ಮನೆ

ಬೆಂಗಳೂರಿನಲ್ಲಿ ಅಡ್ಡಹೆಸರು ಹೇಳಿದ ಕೂಡಲೇ ಕೇಳುತ್ತಾರೆ, "ಕುಲಕರ್ಣಿನಾ? ಹಾಗಾದ್ರೆ ನೀವು ಮರಾಠಿಯವರಾ?" ಅಲ್ಲ ಮಾರಾಯ್ರೆ. ನಮ್ಮದು ಹಾವೇರಿ ಕಡೆ, ಮನೆಮಾತು ಕನ್ನಡ, ನಮ್ಮಜ್ಜಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ಆಫೀಸಿಗೆ ಇನ್ನೊಬ್ಬ ಕುಲಕರ್ಣಿ ಬಂದರೆ "ನಿಮ್ಮ ಸಂಬಂಧಿಕರಾ?" ಅಂತಲೂ ಕೇಳುತ್ತಾರೆ. ಅದೂ ಅಲ್ಲ.

ಕುಲಕರ್ಣಿ ಅಂದರೆ ಊರಿನ ಲೆಕ್ಕ ಬರೆಯುವವನು. ಯಾವ ಹೊಲ ಯಾರದು, ಕಂದಾಯ ಎಷ್ಟು, ಯಾರು ಕಟ್ಟಿದರು, ಯಾರದು ಬಾಕಿ, ಇದೆಲ್ಲ ಅವನ ದಫ್ತರದಲ್ಲಿ ಇರಬೇಕು. ವಸೂಲಿ ಗೌಡನ ಕೆಲಸ, ಬರವಣಿಗೆ ಕುಲಕರ್ಣಿಯದು. ನಮ್ಮ ಕಡೆ ಹಿರಿಯರು ಈಗಲೂ 'ಗೌಡ-ಕುಲಕರ್ಣಿ' ಅಂತ ಜೋಡಿಯಾಗಿಯೇ ಹೇಳುತ್ತಾರೆ. ಕೆಲಸ ಅಪ್ಪನಿಂದ ಮಗನಿಗೆ, ಅದಕ್ಕೆ ಪ್ರತಿಯಾಗಿ ಇನಾಂ ಜಮೀನು.

ಹೀಗೆ ಊರೂರಿಗೆ ಒಂದು ಕುಲಕರ್ಣಿ ಮನೆ ಆಯಿತು. ಪುಣೆ, ಸೊಲ್ಲಾಪುರದಿಂದ ಹಿಡಿದು ವಿಜಯಪುರ, ಬೆಳಗಾವಿ, ಧಾರವಾಡದವರೆಗೆ ಒಬ್ಬರಿಗೊಬ್ಬರು ಏನೂ ಆಗದ ಎಷ್ಟೋ ಮನೆತನಗಳಿಗೆ ಒಂದೇ ಹೆಸರು. ಹೆಚ್ಚಿನವರು ಬ್ರಾಹ್ಮಣರು, ಅವರಲ್ಲೂ ಮಾಧ್ವರು, ಸ್ಮಾರ್ತರು ಇಬ್ಬರೂ ಇದ್ದಾರೆ. ಲಿಂಗಾಯತ ಕುಲಕರ್ಣಿಗಳಿದ್ದಾರೆ, ಜೈನರಲ್ಲೂ ಇದ್ದಾರೆ. ನಮ್ಮ ಅತ್ತೆಯ ಲಗ್ನಪತ್ರಿಕೆಯಲ್ಲಿ ಹುಡುಗನ ಕಡೆಯೂ ಕುಲಕರ್ಣಿ, ಹುಡುಗಿಯ ಕಡೆಯೂ ಕುಲಕರ್ಣಿ. ಗೋತ್ರ ಬೇರೆ, ಊರು ಬೇರೆ, ಆದ್ದರಿಂದ ಯಾರಿಗೂ ತಕರಾರಿಲ್ಲ.

ಹಳೇ ಮೈಸೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದವರು ಶಾನುಭೋಗರು. ಆದರೆ ಅಲ್ಲಿ ಹೆಸರಿನ ಮುಂದೆ ಊರಿನ, ಅಪ್ಪನ ಇನಿಶಿಯಲ್ ಹಾಕುವ ರೂಢಿ, ಹಾಗಾಗಿ ಶಾನುಭೋಗ ಅನ್ನುವುದು ಜಾಸ್ತಿ ಜನರ ಹೆಸರಿಗೆ ಅಂಟಲಿಲ್ಲ. ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿನ ರೂಢಿಯಂತೆ ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಅಡ್ಡಹೆಸರು. ಕಾದಂಬರಿಕಾರ ಗಳಗನಾಥರ (1869–1942) ನಿಜವಾದ ಹೆಸರೇ ನೋಡಿ, ವೆಂಕಟೇಶ ತಿರಕೋ ಕುಲಕರ್ಣಿ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕನ್ನಡ ಓದಿಸಿದ ಮನುಷ್ಯ. ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ತವರಿನ ಹೆಸರೂ ಕುಲಕರ್ಣಿಯೇ. ಇವರಿಬ್ಬರೂ ಈಗಿನ ಹಾವೇರಿ ಜಿಲ್ಲೆಯವರು, ಅದಕ್ಕೇ ನನಗೆ ಸ್ವಲ್ಪ ಹೆಚ್ಚು ಪ್ರೀತಿ.

ಮುಂಬಯಿ ಸರ್ಕಾರ 1950ರಲ್ಲಿ ಕಾಯ್ದೆ ತಂದು ಕುಲಕರ್ಣಿ ವತನ, ಅಂದರೆ ವಂಶಪಾರಂಪರ್ಯದ ಆ ಹುದ್ದೆ ಮತ್ತು ಅದರ ಹಕ್ಕು, ರದ್ದು ಮಾಡಿತು, 1951ರ ಮೇ ತಿಂಗಳಿಂದ ಅದು ಜಾರಿಗೆ ಬಂತು. ನಮ್ಮ ಮುತ್ತಜ್ಜನೇ ನಮ್ಮ ಮನೆಯಲ್ಲಿ ಕೊನೆಯ ಕುಲಕರ್ಣಿ. ಅಲ್ಲಿಂದ ಮುಂದೆ ಸಂಬಳದ ತಲಾಠಿ, ಅಂದರೆ ಸರ್ಕಾರಿ ಗ್ರಾಮಲೆಕ್ಕಿಗ. ಮನೆಯಲ್ಲಿ ಇದನ್ನು ಬೇಜಾರಿನಿಂದಲೇ ಹೇಳುತ್ತಿದ್ದರು, ಆದರೆ ಆ ಕಾಯ್ದೆ ಬಂದದ್ದು ಸರಿ ಅಂತಲೇ ನನಗೆ ಅನಿಸುತ್ತದೆ. ಓದು ಬಾರದ ರೈತನ ಹೊಲ ಕಾಗದದಲ್ಲಿ ಯಾರ ಹೆಸರಿಗಿದೆ ಅನ್ನುವುದು ಒಂದೇ ಮನೆಯವರ ಕೈಯಲ್ಲಿ, ಅದೂ ತಲೆತಲಾಂತರಕ್ಕೆ, ಇರಬಾರದು. ಒಳ್ಳೆಯವರೂ ಇದ್ದರು, ಊರಿಗೇ ಕಂಟಕವಾದವರೂ ಇದ್ದರು.

ನಮ್ಮ ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ರುಮಾಲು, ಅಂದರೆ ಹಳೆಯ ದಫ್ತರದ ಗಂಟು, ಉಳಿದಿದೆ. ಬಿಚ್ಚಿದರೆ ಅಂಚು ಪುಡಿಯಾಗುವ ಕಾಗದ, ಮಸಿ ಮಾತ್ರ ಇನ್ನೂ ಕಪ್ಪಗಿದೆ. ಕೆಲವು ಹಾಳೆ ಕನ್ನಡದಲ್ಲಿವೆ, ಹೆಚ್ಚಿನವು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ, ಪೇಶ್ವೆಯವರ ಕಾಲದಿಂದ ಬಂದ ಅಭ್ಯಾಸ. ಕೈ ಎತ್ತದೆ ಸರಸರ ಬರೆಯುವ ಲಿಪಿ ಅದು, ಓದಬಲ್ಲವರು ಈಗ ತೀರಾ ಕಡಿಮೆ. ಕನ್ನಡದ ಹಾಳೆಗಳನ್ನು ನಾನೇ ಓದಿದೆ. ನಮ್ಮ ಮನೆಯವರ ಸುದ್ದಿ ಅದರಲ್ಲಿ ಹೆಚ್ಚೇನಿಲ್ಲ, ಇರುವುದೆಲ್ಲ ಊರಿನ ರೈತರ ಹೆಸರು, ಅವರ ಹೊಲ, ಅವರ ಬಾಕಿ. ಹಾಗಾಗಿ ನಿಮ್ಮ ಅಡ್ಡಹೆಸರು ಏನೇ ಇರಲಿ, ಆ ಕಡೆಯವರಾಗಿದ್ದರೆ ನಿಮ್ಮೂರಿನ ಕುಲಕರ್ಣಿ ಮನೆಯವರನ್ನು ಒಮ್ಮೆ ಕೇಳಿ ನೋಡಿ. ಗಂಟು ರದ್ದಿಗೆ ಹೋಗುವ ಮೊದಲು ಫೋಟೋ ಆದರೂ ತೆಗೆದಿಟ್ಟುಕೊಳ್ಳಿ, ನಿಮ್ಮ ಮುತ್ತಜ್ಜನ ಹೆಸರು ಅದರಲ್ಲಿ ಇರಬಹುದು.